ತೂತು ಬಿದ್ದ ಸ್ಪ್ಯಾನಿಷ್ ನಾಣ್ಯಕ್ಕೆ ಬೆಲೆ ಕಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ಹಳೆಯ ನಾಣ್ಯಗಳಿಗೆ ಲಕ್ಷಗಟ್ಟಲೆ ಹಣ ಕೊಡುತ್ತಾರೆಂಬ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುವ ಈ ದಿನಗಳಲ್ಲಿ, ನೆರೆಮನೆಯ ಹುಡುಗನೊಬ್ಬ ಕಳೆದ ತಿಂಗಳು ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಅಗಲವಾದ ಬೆಳ್ಳಿ ನಾಣ್ಯವೊಂದನ್ನು ಹಿಡಿದು ನನ್ನ ಬಳಿ ಬಂದಿದ್ದ. ಪೇಟೆಯ ಬೆಳ್ಳಿ ಅಂಗಡಿಯೊಂದರಲ್ಲಿ ಅದನ್ನು ತೂತು ಬಿದ್ದ ಮಾಲು, ಕರಗಿಸುವುದಕ್ಕಷ್ಟೇ ಲಾಯಕ್ಕು ಎಂದು ಬದಿಗೆ ತಳ್ಳಿದ್ದರಂತೆ. ಅವನು ನೋಡಿದ್ದ ವಿಡಿಯೊದಲ್ಲಾದರೋ ‘ತೂತಿನ ಡಾಲರ್’ ಇದ್ದವರ ಅದೃಷ್ಟವೇ ಖುಲಾಯಿಸಿತು ಎಂದಿತ್ತು. ಎರಡೂ ಮಾತು ತಪ್ಪು. ಇಂಥ ನಾಣ್ಯ ಇತರ ಓದುಗರ ಮನೆಯಲ್ಲಿಯೂ ಇರಬಹುದಾದ್ದರಿಂದ, ಹವ್ಯಾಸಿ ಸಂಗ್ರಾಹಕನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಅದು 1797ರಲ್ಲಿ, ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಮೆಕ್ಸಿಕೊ ನಗರದ ಟಂಕಸಾಲೆಯಲ್ಲಿ ಅಚ್ಚಾದ ಎಂಟು ರಿಯಾಲ್ ನಾಣ್ಯ. ಇದನ್ನೇ ಸ್ಪ್ಯಾನಿಷ್ ಡಾಲರ್ ಎನ್ನುವುದು. ಮುಂಬದಿಯಲ್ಲಿ ಎಲೆಗಳ ದಂಡೆ ಮುಡಿದ ನಾಲ್ಕನೆಯ ಕಾರ್ಲೋಸ್ ದೊರೆಯ ಪಾರ್ಶ್ವಮುಖ, ಕೆಳಗೆ ಇಸವಿ. ಹಿಂಬದಿಯಲ್ಲಿ ಕಿರೀಟ ಹೊತ್ತ ಗುರಾಣಿ, ಅದರ ಎಡಬಲಕ್ಕೆ ಎರಡು ಕಂಬ. ಲ್ಯಾಟಿನ್ ಬರಹದಲ್ಲಿದ್ದ ‘ಇಂಡ್’ ಎಂಬ ಮೂರಕ್ಷರ ನೋಡಿ ಹುಡುಗ ಅದನ್ನು ಇಂಡಿಯಾದ ನಾಣ್ಯವೆಂದೇ ನಂಬಿದ್ದ. ಆದರೆ ಅಲ್ಲಿರುವುದು ‘ಸ್ಪೇನ್ ಮತ್ತು ಇಂಡೀಸ್‌ಗಳ ದೊರೆ’ ಎಂಬ ಬಿರುದು, ಆ ಇಂಡೀಸ್ ಅಮೆರಿಕ. ಎಮ್ ಅಕ್ಷರದ ನೆತ್ತಿಯ ಮೇಲೆ ಪುಟ್ಟ ಸೊನ್ನೆಯಿದ್ದರೆ ಅದು ಮೆಕ್ಸಿಕೊದ ಗುರುತು. ಪೊಟೊಸಿ, ಲಿಮಾ, ಗ್ವಾಟೆಮಾಲಾ, ಸಾಂಟಿಯಾಗೊ ಟಂಕಸಾಲೆಗಳಿಗೆ ಬೇರೆ ಬೇರೆ ಗುರುತುಗಳಿವೆ. ಮೆಕ್ಸಿಕೊದ್ದು ಅಪಾರ ಸಂಖ್ಯೆಯಲ್ಲಿ ಅಚ್ಚಾಗಿದ್ದರಿಂದ ಅದು ಅಪರೂಪದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬೆಲೆಗಿಂತ ಮುಂಚೆ ನಾಣ್ಯ ಅಸಲಿಯೇ ಎಂದು ನೋಡಬೇಕು, ಅದಕ್ಕೆ ತಕ್ಕಡಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಈ ಬಗೆಯ ಎಂಟು ರಿಯಾಲ್ ಹೊಸದಾಗಿ ಅಚ್ಚಾದಾಗ ಸುಮಾರು 27.07 ಗ್ರಾಂ ತೂಗುತ್ತಿತ್ತು, ಅಂದರೆ ಬ್ರಿಟಿಷರ ಕಾಲದ ನಮ್ಮ 11.66 ಗ್ರಾಂ ಬೆಳ್ಳಿ ರೂಪಾಯಿಯ ಎರಡು ಪಟ್ಟಿಗೂ ಹೆಚ್ಚು. ಸಾವಿರ ಪಾಲಿನಲ್ಲಿ 917ರಷ್ಟಿದ್ದ ಬೆಳ್ಳಿಯನ್ನು ಸ್ಪೇನಿನ ಸರ್ಕಾರ 1772ರಲ್ಲಿ 903ಕ್ಕೂ, 1786ರಲ್ಲಿ 896ಕ್ಕೂ ಗುಟ್ಟಾಗಿ ಇಳಿಸಿತು. 1732ಕ್ಕಿಂತ ಹಿಂದಿನವು ಸುತ್ತಿಗೆಯಿಂದ ಬಡಿದು, ತೂಕಕ್ಕೆ ಸರಿಹೋಗುವಂತೆ ಅಂಚು ಕತ್ತರಿಸಿದ ಸೊಟ್ಟ ನಾಣ್ಯಗಳು. ಅವುಗಳ ಆಕಾರ ಕಂಡು ಮುರಿದ ಚೂರು ಎಂದು ತೀರ್ಮಾನಿಸಬಾರದು.

ಇನ್ನು ತೂತಿನ ಲೆಕ್ಕ. ನಾಲ್ಕು ಮಿಲಿಮೀಟರ್ ಅಗಲದ ತೂತು ಈ ನಾಣ್ಯದಿಂದ ತೆಗೆದುಹಾಕುವ ಬೆಳ್ಳಿ ಒಂದು ಗ್ರಾಂನ ಮೂರನೆಯ ಒಂದು ಪಾಲನ್ನೂ ಮೀರದು. ಹುಡುಗ ತಂದ ನಾಣ್ಯ 26.4 ಗ್ರಾಂ ತೂಗಿತು. ಸವಕಳಿಯನ್ನೂ ತೂತನ್ನೂ ಸೇರಿಸಿಕೊಂಡರೆ ಅದು ಸಹಜ. ಅದೇ 22 ಗ್ರಾಂ ತೂಗಿದ್ದರೆ ತೂತಿನ ನೆಪ ಸಾಲುತ್ತಿರಲಿಲ್ಲ, ನಕಲಿಯೆಂದೇ ಅನುಮಾನಿಸುತ್ತಿದ್ದೆ. ಆಯಸ್ಕಾಂತ ಅಂಟಲಿಲ್ಲವೆಂದರೆ ಬೆಳ್ಳಿಯೆಂದು ಅರ್ಥವಲ್ಲ, ತಾಮ್ರ ಹಿತ್ತಾಳೆಗಳಿಗೂ ಅದು ಅಂಟುವುದಿಲ್ಲ. ನೀರಿನ ಪರೀಕ್ಷೆಯೇ ಮೇಲು, ಮತ್ತು ಇಲ್ಲಿ ತೂತೇ ಉಪಕಾರಕ್ಕೆ ಬರುತ್ತದೆ: ಅದರೊಳಗೆ ಸಣ್ಣ ದಾರ ಪೋಣಿಸಿ ನಾಣ್ಯವನ್ನು ನೀರಿನಲ್ಲಿ ಇಳಿಬಿಟ್ಟು ತೂಗಬಹುದು. ತೂತಿನಲ್ಲಿ ಗಾಳಿಗುಳ್ಳೆ ಕೂರದಂತೆ ನೀರಿಗೆ ಒಂದು ಹನಿ ಸೋಪು ಬೆರೆಸಿದರಾಯಿತು. ನಮ್ಮ ನಾಣ್ಯ ನೀರಿನಲ್ಲಿ 2.56 ಗ್ರಾಂ ಹಗುರವಾಯಿತು, 26.4ನ್ನು ಅದರಿಂದ ಭಾಗಿಸಿದರೆ 10.3, ಈ ಮಿಶ್ರಣದ ಬೆಳ್ಳಿಗೆ ಇರಬೇಕಾದ ಸಾಂದ್ರತೆ ಅದೇ. ಆಮೇಲೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದೆವು. 1772ರ ನಂತರದ ಎಂಟು ರಿಯಾಲ್ ನಾಣ್ಯದ ಅಂಚಿನಲ್ಲಿ ವೃತ್ತ ಮತ್ತು ಆಯತಗಳು ಒಂದಾದ ಮೇಲೊಂದರಂತೆ ಇರುತ್ತವೆ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗಳಲ್ಲಿ ಈ ಜಾಗದಲ್ಲಿ ಬೆಸುಗೆಯಂಥ ಗೆರೆ ಕಂಡುಬರುವುದುಂಟು.

ತೂತನ್ನು ಸುಮ್ಮನೆ ‘ದೋಷ’ ಎಂದು ಬರೆದುಕೊಳ್ಳದೆ ಓದಲು ಕಲಿಯಬೇಕೆಂಬುದು ನನ್ನ ಮುಖ್ಯ ಅರಿಕೆ. ಮೊಳೆ ಹೊಡೆದು ಮಾಡಿದ ಹಳೆಯ ತೂತಿನ ಒಂದು ಬದಿ ತಗ್ಗಾಗಿ, ಇನ್ನೊಂದು ಬದಿಯಲ್ಲಿ ಲೋಹ ಉಬ್ಬಿ, ಆ ಉಬ್ಬು ಕೂಡ ಬಳಕೆಯಿಂದ ಸವೆದಿರುತ್ತದೆ. ಒಳಗೋಡೆಯ ಬಣ್ಣ ನಾಣ್ಯದ ಮೈಯಷ್ಟೇ ಕಪ್ಪಾಗಿರುತ್ತದೆ. ಇತ್ತೀಚೆಗೆ ಡ್ರಿಲ್ಲಿನಿಂದ ಕೊರೆದದ್ದಾದರೆ ಗೋಡೆ ನೆಟ್ಟಗಿದ್ದು ಹೊಳೆಯುತ್ತದೆ. ಅಜ್ಜಿಯ ನಾಣ್ಯದಲ್ಲಿ ತೂತು ದೊರೆಯ ತಲೆಯ ಮೇಲಿತ್ತು, ಅದರಿಂದ ಅಂಚಿನವರೆಗೆ ದಾರ ಎಳೆದೂ ಎಳೆದೂ ಆದ ಕಿರಿದಾದ ಹಳ್ಳವಿತ್ತು. ತೂಗುಹಾಕಿದರೆ ದೊರೆಯ ಮುಖ ನೆಟ್ಟಗೆ ನಿಲ್ಲುತ್ತದೆ, ಆದರೆ ತಿರುಗಿಸಿ ನೋಡಿದರೆ ಗುರಾಣಿ ತಲೆಕೆಳಗು! ಸ್ಪೇನಿನವರು ಎರಡು ಮುಖಗಳನ್ನು ಪರಸ್ಪರ ತಿರುವುಮುರುವಾಗಿ ಅಚ್ಚು ಹಾಕುತ್ತಿದ್ದುದೇ ಇದಕ್ಕೆ ಕಾರಣ. ಪೋಣಿಸಿದವರಿಗೆ ಮುಖ ಕಾಣಬೇಕಿತ್ತು, ಗುರಾಣಿಯ ಗೊಡವೆ ಇರಲಿಲ್ಲ. ಏಷ್ಯಾಕ್ಕೆ ಯುರೋಪಿನ ವರ್ತಕರು ಹೊತ್ತು ತಂದ ಇಂಥ ಬೆಳ್ಳಿಯಲ್ಲಿ ಬಹಳಷ್ಟು ಇಲ್ಲಿನ ಟಂಕಸಾಲೆಗಳಲ್ಲಿ ಕರಗಿ ರೂಪಾಯಿಯಾಯಿತು. ಕೊರಳಿಗೆ ಏರಿದ್ದರಿಂದಲೇ ಈ ಒಂದು ನಾಣ್ಯ ಕುಲುಮೆಯಿಂದ ಪಾರಾಯಿತೆಂದು ನಾನು ನಂಬುತ್ತೇನೆ. ತೂತನ್ನು ಮುಚ್ಚಿಸಿ ಅಕ್ಷರ ಕೆತ್ತಿಸಿ ಮಾರುವವರೂ ಇದ್ದಾರೆ. ತೆರೆದ ತೂತಿಗಿಂತ ಬಚ್ಚಿಟ್ಟ ಈ ತೇಪೆಯೇ ಹೆಚ್ಚಿನ ಮೋಸ.

ವಿಡಿಯೊದಲ್ಲಿ ಹೊಗಳಿದ ‘ತೂತಿನ ಡಾಲರ್’ ಬೇರೆಯದೇ ವಸ್ತು, ಆದರೂ ಅದಕ್ಕೂ ನಮ್ಮ ದಕ್ಷಿಣ ಭಾರತಕ್ಕೂ ನಂಟಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಸಾಹತಿನಲ್ಲಿ ಚಿಲ್ಲರೆಗೆ ಬರ ಬಂದಿದ್ದಾಗ, 1812ರ ನವೆಂಬರಿನಲ್ಲಿ ಮದರಾಸಿನಿಂದ ‘ಸಮರಾಂಗ್’ ಹಡಗಿನಲ್ಲಿ 40,000 ಸ್ಪ್ಯಾನಿಷ್ ಡಾಲರುಗಳು ಸಿಡ್ನಿ ತಲುಪಿದವು. ಅವು ವ್ಯಾಪಾರಿಗಳ ಕೈಯಿಂದ ಮತ್ತೆ ಹೊರದೇಶಕ್ಕೆ ಸೋರಿಹೋಗದಿರಲೆಂದು ಗವರ್ನರ್ ಲಾಕ್ಲನ್ ಮ್ಯಾಕ್ವಾರಿ, ಖೋಟಾ ನಾಣ್ಯ ಮಾಡಿ ಶಿಕ್ಷೆಗೊಳಗಾಗಿದ್ದ ವಿಲಿಯಂ ಹೆನ್‌ಶಾಲ್‌ನಿಂದಲೇ ಅವುಗಳ ನಡುವನ್ನು ಕೊರೆಸಿದ. ಉಂಗುರಕ್ಕೆ ಐದು ಶಿಲಿಂಗ್, ಕಿತ್ತ ಬಿಲ್ಲೆಗೆ ಹದಿನೈದು ಪೆನ್ಸ್ ಎಂದು ಮುದ್ರೆಯೊತ್ತಿಸಿ 1813ರ ಇಸವಿ ಹಾಕಿಸಿದ. ಈಗ ಉಳಿದಿರುವ ಉಂಗುರಗಳು ಸುಮಾರು ಮುನ್ನೂರು. ನಡುವೆ ದೊಡ್ಡ ದುಂಡು ತೂತು, ಅದರ ಸುತ್ತ ವಸಾಹತಿನ ಹೆಸರು ಇದ್ದರಷ್ಟೇ ಅದು ‘ತೂತಿನ ಡಾಲರ್’. ತಲೆಯ ಮೇಲೆ ಮೊಳೆ ಹೊಡೆದದ್ದು ಅಲ್ಲ.

ಚೀನೀ ಶರಾಫರು ಪರೀಕ್ಷಿಸಿ ಒತ್ತಿದ ಪುಟ್ಟ ಮುದ್ರೆಗಳಿರುವ ನಾಣ್ಯಗಳನ್ನೂ ಹಾಳಾದವೆಂದು ತಿರಸ್ಕರಿಸಬಾರದು. ಅವನ್ನೇ ಹುಡುಕಿ ಸಂಗ್ರಹಿಸುವವರಿದ್ದಾರೆ. ನಮ್ಮ ‘ಶರಾಫ’ ಎಂಬ ಮಾತು ಇಂದಿಗೂ ಹಾಂಗ್‌ಕಾಂಗಿನಲ್ಲಿ ಹಣ ಕಟ್ಟಿಸಿಕೊಳ್ಳುವ ಕೌಂಟರಿನ ಹೆಸರಾಗಿ ಉಳಿದಿರುವುದು ಮೋಜಿನ ಸಂಗತಿ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಸಾಮಾನ್ಯ ಇಸವಿಯ ತೂತು ನಾಣ್ಯಕ್ಕೆ ತೂತಿಲ್ಲದ ಅದೇ ನಾಣ್ಯದ ಬೆಲೆಯ ಒಂದು ಪಾಲು ಮಾತ್ರ ಸಿಗುತ್ತದೆ, ಆದರೆ ಅದರಲ್ಲಿರುವ ಇಪ್ಪತ್ತಮೂರೂವರೆ ಗ್ರಾಂ ಅಚ್ಚ ಬೆಳ್ಳಿಯ ಬೆಲೆಗಿಂತ ಕಡಿಮೆಗೆ ಒಪ್ಪಬೇಡ, ಹುಣಸೆಹಣ್ಣು ಹಚ್ಚಿ ಉಜ್ಜಲೂಬೇಡ, ಮುಂಗಡ ಶುಲ್ಕ ಕಟ್ಟಿದರೆ ಕೊಳ್ಳುತ್ತೇವೆ ಎನ್ನುವವರ ತಂಟೆಗೆ ಹೋಗಬೇಡ. ಹಳೆಯ ನಾಣ್ಯ, ನೋಟುಗಳ ಹೆಸರಿನ ಇಂಥ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪ್ರಾಚೀನ ವಸ್ತುವಾದ್ದರಿಂದ ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಪತ್ರಿಕೆಯ ಕಿರು ಜಾಹೀರಾತುಗಳಲ್ಲಿ ಹಳೆಯ ನಾಣ್ಯಗಳಿಗೆ ‘ಲಕ್ಷ ರೂಪಾಯಿ’ ಎಂದು ಸಾರುವವರಿಂದ ನಾಣ್ಯದ ತೂಕ, ಇಸವಿ, ಟಂಕಸಾಲೆ, ಎರಡೂ ಬದಿಯ ಚಿತ್ರ ಇವನ್ನಾದರೂ ಕೇಳಿಯೇ ಪ್ರಕಟಿಸಬೇಕೆಂದು ತಮ್ಮಲ್ಲಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಾಣ್ಯ ಸಂಗ್ರಾಹಕ, ಕುಮಟಾ