ರಕ್ಷಣಾ ಟೆಂಡರ್: ದೇಶೀಯ ಅಂಶದ ಲೆಕ್ಕ

ಶಿವಮೊಗ್ಗ ಬಳಿಯ ಮಾಚೇನಹಳ್ಳಿಯ ಫೌಂಡ್ರಿ, ಮಷಿನ್ ಶಾಪ್‌ನವರು ದಯವಿಟ್ಟು ಪೂರ್ತಿ ಓದಿ. 2017ರ ಮೇಕ್ ಇನ್ ಇಂಡಿಯಾ ಖರೀದಿ ಆದೇಶದಂತೆ ಕ್ಲಾಸ್-1 ಸರಬರಾಜುದಾರರಿಗೆ ಸಾಮಾನ್ಯವಾಗಿ ಶೇ 50, ಕ್ಲಾಸ್-2ಕ್ಕೆ ಶೇ 20 ದೇಶೀಯ ಅಂಶ, ಅಂದರೆ ಬೆಲೆಯಲ್ಲಿ ದೇಶದೊಳಗೇ ಸೇರಿದ ಮೌಲ್ಯದ ಪಾಲು, ಬೇಕು. ಬಹಳಷ್ಟು ಜನ ಎಡವುವುದು ಲೆಕ್ಕದಲ್ಲೇ. ಬೆಂಗಳೂರಿನ ಡೀಲರ್ ಜಿಎಸ್‌ಟಿ ಬಿಲ್ ಕೊಟ್ಟ ಮಾತ್ರಕ್ಕೆ ಆಮದು ನಿಕಲ್ ದೇಶೀಯವಾಗುವುದಿಲ್ಲ. ಮೂಲ ದೇಶ ಯಾವುದೆಂದು ಬರೆಸಿಕೊಳ್ಳಿ. ಜಿಎಸ್‌ಟಿ ಬಿಟ್ಟು ಬಿಡಿಭಾಗದ ಬೆಲೆ 1,000 ರೂಪಾಯಿ, ಅದರಲ್ಲಿ ಕಸ್ಟಮ್ಸ್ ಸುಂಕವೂ ಸೇರಿ ಆಮದು ಮಾಲು 380 ಎಂದಾದರೆ ನಿಮ್ಮ ದೇಶೀಯ ಅಂಶ ಶೇ 62. ಸುಂಕ ಕಟ್ಟಿದ್ದು ಇಲ್ಲೇ ಅಂತ ಅದನ್ನು ದೇಶೀಯ ಕಡೆ ಸೇರಿಸಲೇಬೇಡಿ. ಎರಕ ಇಲ್ಲಿ, ಮಷಿನಿಂಗ್ ಭದ್ರಾವತಿಯಲ್ಲಾದರೆ ಎರಡೂ ವಿಳಾಸ ಟೆಂಡರ್ ಜೊತೆ ಕೊಡುವ ದೇಶೀಯ ಅಂಶದ ಘೋಷಣೆಯಲ್ಲಿರಲಿ. ಖರೀದಿ 10 ಕೋಟಿ ದಾಟಿದರೆ ಸ್ವಯಂ ಘೋಷಣೆ ಸಾಲದು, ಆಡಿಟರ್ ಪ್ರಮಾಣಪತ್ರ ಬೇಕು. ಸುಳ್ಳು ಘೋಷಣೆಗೆ ಎರಡು ವರ್ಷದವರೆಗೂ ಟೆಂಡರ್‌ನಿಂದ ಹೊರಗಿಡಬಹುದು.