ಭೋಂಗಾ, ಸಾಲಿ, ಸಬ್‌ರಿಜಿಸ್ಟ್ರಾರ್ ಕಚೇರಿ: ಧರ್ಮನಿರಪೇಕ್ಷತೆ ಕಾಣಬೇಕಾದ ಜಾಗಗಳು

ಮಾನ್ಯ ಸಂಪಾದಕರೇ,

ಧರ್ಮನಿರಪೇಕ್ಷತೆಯ ಬಗ್ಗೆ ವಾಚಕರ ಅಂಕಣದಲ್ಲಿ ಪತ್ರ ಬಂದಾಗಲೆಲ್ಲ ಚರ್ಚೆ ಎರಡೇ ದಿನಕ್ಕೆ ದೇವರು ಇದ್ದಾನೋ ಇಲ್ಲವೋ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ನಾವು ದೇವರನ್ನು ನಂಬದವರು. ಆದರೂ ಈ ಚರ್ಚೆಗೆ ಆ ಪ್ರಶ್ನೆ ಬೇಕಿಲ್ಲ ಎನ್ನುತ್ತೇವೆ. ಸಿದ್ಧಾರೂಢ ಮಠಕ್ಕೆ ದಿನಾ ಹೋಗಿಬರುವವರು ಧರ್ಮನಿರಪೇಕ್ಷರಾಗಿರಬಹುದು. ಯಾವ ಗುಡಿಯ ಮೆಟ್ಟಿಲನ್ನೂ ಹತ್ತದ ನಾಸ್ತಿಕ, ಒಂದೇ ಧರ್ಮದವರ ಮೇಲೆ ಕಾನೂನು ಬೀಳಲಿ ಎಂದು ಬಯಸಿದರೆ ಧರ್ಮನಿರಪೇಕ್ಷನಾಗಲಾರ. ಸರ್ಕಾರದ ಕಚೇರಿ, ಶಾಲೆ, ಪೊಲೀಸ್ ಠಾಣೆ ಎದುರಿಗೆ ನಿಂತವರ ಧರ್ಮ ನೋಡದೆ ಕೆಲಸ ಮಾಡುತ್ತವೆಯೇ ಎಂಬುದಷ್ಟೇ ಇಲ್ಲಿನ ವಿಷಯ. ಅದಕ್ಕೆ ಬೇಕಾದ ನಿಯಮಗಳು ಬಹುತೇಕ ಆಗಲೇ ಇವೆ. ಅವು ಎಲ್ಲಿ ಕೆಡುತ್ತವೆ, ಹೇಗೆ ಬಳಸಬೇಕು ಎಂಬುದನ್ನು ಬರೆಯುವುದು ಈ ಪತ್ರದ ಉದ್ದೇಶ.

ಸಂವಿಧಾನ ಸಭೆಯೇ ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟಿತ್ತು. ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಶುರುವಾಗಲಿ ಎಂದು ಎಚ್.ವಿ. ಕಾಮತ್ 1949ರ ಅಕ್ಟೋಬರ್ 17ರಂದು ತಿದ್ದುಪಡಿ ತಂದರು. ಪರ 41, ವಿರುದ್ಧ 68 ಮತ ಬಿದ್ದವು. ಅದೇನು ನಾಸ್ತಿಕರ ಸಭೆಯಾಗಿರಲಿಲ್ಲ. ನಂಬಿಕೆಯ ಸ್ವಾತಂತ್ರ್ಯ ಕೊಡುವ ಪ್ರಸ್ತಾವನೆಗೆ ಇದು ಒಪ್ಪುವುದಿಲ್ಲ ಎಂದು ಹೃದಯನಾಥ ಕುಂಜ್ರು ವಾದಿಸಿದರು. ದೇವರನ್ನು ಮತಕ್ಕೆ ಹಾಕಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು.

ನಮ್ಮ ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ ಈ ಮಾತು ಬಂದಾಗ ಎಸ್.ಆರ್. ಬೊಮ್ಮಾಯಿ ಅವರ ಹೆಸರು ಬಂದೇ ಬರುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಕಾರಡಗಿಯಲ್ಲಿ ಹುಟ್ಟಿ, ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾದವರು ಅವರು. ಆದರೆ 1989ರ ಏಪ್ರಿಲ್ 21ರಂದು ಅವರ ಸರ್ಕಾರ ವಜಾಗೊಂಡದ್ದು ಬಹುಮತದ ತಕರಾರಿನಲ್ಲಿ. ಅದಕ್ಕೂ ಧರ್ಮಕ್ಕೂ ಸಂಬಂಧವಿರಲಿಲ್ಲ. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ಕೆಡವಿದ ನಂತರ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರ್ಕಾರಗಳ ಪ್ರಕರಣಗಳೂ ಜೊತೆಗೆ ವಿಚಾರಣೆಗೆ ಬಂದವು. ಆ ಕಾರಣದಿಂದ 1994ರ ಮಾರ್ಚ್ 11ರ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಧರ್ಮನಿರಪೇಕ್ಷತೆಯನ್ನು, ಸಂಸತ್ತೂ ಕೆಡಿಸಲಾಗದ ಸಂವಿಧಾನದ ಮೂಲ ರಚನೆಯ ಭಾಗವೆಂದು ಹೇಳಬೇಕಾಯಿತು. ‘1976ರಲ್ಲಿ ಸೇರಿಸಿದ ಪದ, ತೆಗೆದರಾಯಿತು’ ಎನ್ನುವವರು ಇದನ್ನು ಗಮನಿಸಬೇಕು. 42ನೇ ತಿದ್ದುಪಡಿ ಸೇರಿಸಿದ್ದು ಪದವನ್ನು ಮಾತ್ರ. ಧರ್ಮಸ್ವಾತಂತ್ರ್ಯದ 25ರಿಂದ 28ರವರೆಗಿನ ವಿಧಿಗಳು 1950ರಿಂದಲೇ ಅಲ್ಲಿವೆ.

ಪದದ ವಿಷಯದಲ್ಲಿ ಕನ್ನಡದ್ದೇ ಒಂದು ತೊಡಕಿದೆ. ನಾವು ಮೂರು ಮಾತುಗಳನ್ನು ಒಂದೇ ಎಂಬಂತೆ ಬಳಸುತ್ತೇವೆ. ‘ಜಾತ್ಯತೀತ’ ಜಾತಿಯ ಮಾತನ್ನಾಡುತ್ತದೆ. ‘ಧರ್ಮನಿರಪೇಕ್ಷ’ ಎಂದರೆ ಸರ್ಕಾರಕ್ಕೆ ಧರ್ಮದ ಆಸರೆ ಬೇಕಿಲ್ಲ ಎಂದು. ‘ಸರ್ವಧರ್ಮ ಸಮಭಾವ’ ಎಂದರೆ ಎಲ್ಲ ಧರ್ಮಗಳನ್ನೂ ಸಮನಾಗಿ ಕಾಣುವುದು. 2023ರಿಂದ ನಮ್ಮ ಶಾಲೆಗಳಲ್ಲಿ ಮಕ್ಕಳಿಂದ ಪ್ರಸ್ತಾವನೆ ಓದಿಸುತ್ತಿದ್ದಾರೆ. ಅದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಪ್ರಚಲಿತ ಕನ್ನಡ ಪಾಠದಲ್ಲಿರುವುದು ‘ಸರ್ವಧರ್ಮ ಸಮಭಾವದ’ ಎಂಬ ಮಾತು. ಯಾವ ಧರ್ಮಕ್ಕೂ ಸೇರದ ಮನೆಯ ಮಗುವಿಗೆ ಆ ಮಾತಿನಲ್ಲಿ ಜಾಗವಿಲ್ಲ. ಆಡಳಿತಕ್ಕೂ ಇದು ತಪ್ಪು ದಾರಿ ತೋರಿಸುತ್ತದೆ. ಒಂದು ಹಬ್ಬಕ್ಕೆ ಸರ್ಕಾರಿ ವೇದಿಕೆ ಕೊಟ್ಟರೆ ಸಮಭಾವಕ್ಕೆಂದು ಇನ್ನೊಂದಕ್ಕೂ ಕೊಡಬೇಕು, ಮತ್ತೊಂದಕ್ಕೂ ಕೊಡಬೇಕು. ಎಲ್ಲರ ಪಾಲನ್ನೂ ಹಂಚುತ್ತ ಕೂರುವ ಸರ್ಕಾರ ಕೊನೆಗೆ ಎಲ್ಲರ ಸಿಟ್ಟಿಗೂ ಗುರಿಯಾಗುತ್ತದೆ.

ಇನ್ನು ಭೋಂಗಾದ, ಅಂದರೆ ಕಹಳೆಯಾಕಾರದ ಧ್ವನಿವರ್ಧಕದ ವಿಷಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮುಚ್ಚಿದ ಸಭಾಂಗಣದ ಒಳಗೆ ಬಿಟ್ಟರೆ, ಬಳಸುವಂತೆಯೇ ಇಲ್ಲ. ನಸುಕಿನ ಸುಪ್ರಭಾತಕ್ಕೂ ನಸುಕಿನ ಅಜಾನಿಗೂ ಇದೇ ಗಡಿಯಾರ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ಸಾರ್ವಜನಿಕ ಸ್ಥಳದ ಧ್ವನಿವರ್ಧಕ ಆ ಸ್ಥಳದ ಗಡಿಯಲ್ಲಿ ಈ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಕಡಿಮೆಯಾದದ್ದನ್ನು ಮೀರಬಾರದು. ಅಂದರೆ ನಮ್ಮ ಓಣಿಗಳಲ್ಲಿ ಹಗಲು ಹೊತ್ತು 65. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲು 50, ರಾತ್ರಿ 40.

ಈ ಅಂಕಿಗಳನ್ನು ಜನ ಪಾಲಿಸದಿರಲು ಹಟವೊಂದೇ ಕಾರಣವಲ್ಲ, ಸಾಧನದ ಲೆಕ್ಕ ಗೊತ್ತಿಲ್ಲದಿರುವುದೂ ಕಾರಣ. ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 110 ಡೆಸಿಬಲ್ ಕೊಡುವ ಒಂದು ಭೋಂಗಾ ತೆಗೆದುಕೊಳ್ಳಿ. 16 ಮೀಟರಿನಲ್ಲಿ ಅದು 86, 64 ಮೀಟರಿನಲ್ಲಿ 74. ಅದು 65ಕ್ಕೆ ಇಳಿಯಬೇಕಾದರೆ ಸುಮಾರು 180 ಮೀಟರ್, 55ಕ್ಕೆ ಇಳಿಯಬೇಕಾದರೆ ಸುಮಾರು 560 ಮೀಟರ್ ಬೇಕು. ಇಕ್ಕಟ್ಟಾದ ಓಣಿಯಲ್ಲಿ ಗೋಡೆಗಳು ಶಬ್ದವನ್ನು ವಾಪಸು ಎಸೆಯುವುದರಿಂದ ಇಷ್ಟೂ ಇಳಿಯುವುದಿಲ್ಲ. ‘ವಾಲ್ಯೂಮ್ ಅರ್ಧ ಮಾಡಿದ್ದೇವೆ’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಆಂಪ್ಲಿಫೈಯರ್ ಶಕ್ತಿಯನ್ನು 100 ವ್ಯಾಟ್‌ನಿಂದ 50ಕ್ಕೆ ಇಳಿಸಿದರೆ ಕಡಿಮೆಯಾಗುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ಗೊತ್ತಾದರೂ ತುಸುವೇ. ಸರಿಯಾದ ಉಪಾಯ ಬೇರೆ: ಎತ್ತರದ ಭೋಂಗಾ ಇಳಿಸಿ, ಆವರಣದೊಳಗೆ ಜನರ ಕಡೆ ಮುಖ ಮಾಡಿದ ನಾಲ್ಕಾರು ಸಣ್ಣ ಪೆಟ್ಟಿಗೆ ಸ್ಪೀಕರ್ ಹಾಕುವುದು. ಒಂದು ಮೀಟರಿನಲ್ಲಿ 85 ಡೆಸಿಬಲ್ ಬರುವಂತೆ ಇಟ್ಟ ಒಂದು ಪೆಟ್ಟಿಗೆಯ ಶಬ್ದ 10 ಮೀಟರಿಗೇ 65ಕ್ಕೆ, 32 ಮೀಟರಿಗೆ 55ಕ್ಕೆ ಇಳಿಯುತ್ತದೆ. ಒಳಗಿನ ಭಕ್ತರಿಗೆ ಮಾತು ಭೋಂಗಾಕ್ಕಿಂತ ಸ್ಪಷ್ಟವಾಗಿ ಕೇಳುತ್ತದೆ, ಎದುರು ಮನೆಯ ರೋಗಿಗೆ ನಿದ್ದೆ ಸಿಗುತ್ತದೆ. ಮಠ, ಮಸೀದಿ, ಚರ್ಚಿನ ಹಿರಿಯರು ಯಾವ ಪೊಲೀಸರಿಗೂ ಕಾಯದೆ ಇದನ್ನು ಮಾಡಬಹುದು.

ಮೆರವಣಿಗೆಯ ಡಾಲ್ಬಿಯದು ಇನ್ನೊಂದು ಬಗೆಯ ಸಮಸ್ಯೆ. ನಿಯಮದ ಅಳತೆ ಮನುಷ್ಯರ ಕಿವಿಗೆ ಹೊಂದಿಸಿದ ‘ಎ’ ತೂಕದ ಡೆಸಿಬಲ್. ಆ ಅಳತೆಯಲ್ಲಿ 63 ಹರ್ಟ್ಸ್‌ನ ಬೇಸ್ ಶಬ್ದಕ್ಕೆ ಸುಮಾರು 26 ಡೆಸಿಬಲ್ ಕಡಿತವಾಗುತ್ತದೆ. ಎದೆ ಗುದ್ದಿದಂತಾಗಿ ಕಿಟಕಿ ಗಾಜು ನಡುಗುತ್ತಿದ್ದರೂ ಮೀಟರಿನಲ್ಲಿ ಅಂಕಿ ಅಷ್ಟಾಗಿ ಏರದಿರುವುದು ಇದರಿಂದ. ಆದ್ದರಿಂದ ಡೆಸಿಬಲ್ ಮಿತಿಯೊಂದನ್ನೇ ನಂಬದೆ, ಬೇಸ್ ಪೆಟ್ಟಿಗೆಗಳ ಸಂಖ್ಯೆಯನ್ನೂ ಮೆರವಣಿಗೆ ಮುಗಿಯುವ ಸಮಯವನ್ನೂ ಅನುಮತಿ ಪತ್ರದಲ್ಲೇ ಬರೆಯಬೇಕು. ಗಣೇಶ ವಿಸರ್ಜನೆಗೂ ಈದ್ ಮಿಲಾದಿಗೂ ಜಯಂತಿಗಳಿಗೂ ಒಂದೇ ನಮೂನೆಯ ಪತ್ರ ಸಾಕು.

ಹಬ್ಬಗಳಿಗೆ ವಿನಾಯಿತಿ ಇಲ್ಲವೆಂದಲ್ಲ. ಧಾರ್ಮಿಕ, ಸಾಂಸ್ಕೃತಿಕ ಸಂದರ್ಭಗಳಲ್ಲಿ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು. ಆದರೆ ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ. ಧರ್ಮಕ್ಕೆ ಹದಿನೈದರಂತೆ ಅಲ್ಲ, ಎಲ್ಲ ಸೇರಿ ಹದಿನೈದು. ಆ ದಿನಗಳು ಯಾವುವು ಎಂಬುದನ್ನು ಸಾಮಾನ್ಯವಾಗಿ ಮೊದಲೇ ಗೊತ್ತುಪಡಿಸಬೇಕು ಎಂದೂ ನಿಯಮ ಹೇಳುತ್ತದೆ. ಮುಂಚಿತವಾಗಿ ಪಟ್ಟಿ ಇಲ್ಲದಿದ್ದಾಗ ಹಿಂದಿನ ರಾತ್ರಿ ಯಾರ ಕೈ ಮೇಲಾಗುತ್ತದೋ ಅವರಿಗೆ ಸಡಿಲಿಕೆ ಸಿಗುತ್ತದೆ, ಉಳಿದವರಿಗೆ ಕಹಿ ಉಳಿಯುತ್ತದೆ.

ದೂರು ಕೊಡುವವರು ಸಾಮಾನ್ಯವಾಗಿ ಸೋಲುವುದು ಒಂದೇ ಜಾಗದಲ್ಲಿ. 112ಕ್ಕೆ ಫೋನ್ ಮಾಡುತ್ತಾರೆ, ಸಿಬ್ಬಂದಿ ಬರುತ್ತಾರೆ, ಸದ್ದು ಇಳಿಯುತ್ತದೆ, ಅರ್ಧ ಗಂಟೆಗೆ ಮತ್ತೆ ಏರುತ್ತದೆ. ಲಿಖಿತ ದೂರಿನ ದಾಖಲೆ ಉಳಿಯುವುದಿಲ್ಲ. ಆ ಹೊತ್ತಿಗೆ ಫೋನ್ ಮಾಡಿ. ಮರುದಿನ ಲಿಖಿತ ದೂರು ಕೊಡಿ. ಅವಳಿ ನಗರದಲ್ಲಿ ಪೊಲೀಸ್ ಆಯುಕ್ತರಿಗೆ, ಗದಗ, ಹಾವೇರಿಯಲ್ಲಿ ಜಿಲ್ಲಾಧಿಕಾರಿಗೆ. ದಿನಾಂಕ, ಶುರುವಾದ ಮತ್ತು ನಿಂತ ಸಮಯ, ಭೋಂಗಾಗಳ ಸಂಖ್ಯೆ ಮತ್ತು ಮುಖ, ಮನೆಯಿಂದ ದೂರ, ಹತ್ತಿರದ ಆಸ್ಪತ್ರೆ ಅಥವಾ ಶಾಲೆ, ಇಷ್ಟು ಬರೆದು ಸ್ವೀಕೃತಿ ಸಂಖ್ಯೆ ಪಡೆಯಿರಿ. ಮೊಬೈಲ್ ಆಪ್ ತೋರಿಸುವ ಅಂಕಿಯನ್ನು ಸಾಕ್ಷಿಯೆಂದು ಬರೆಯಬೇಡಿ. ಜೋರು ಶಬ್ದದಲ್ಲಿ ಫೋನಿನ ಮೈಕ್ ತಪ್ಪು ತೋರಿಸುತ್ತದೆ, ಎದುರು ಪಕ್ಷ ಅದನ್ನೇ ಹಿಡಿಯುತ್ತದೆ. ರಾತ್ರಿ 10ರ ನಂತರದ ದೂರಿಗೆ ಡೆಸಿಬಲ್ ಅಂಕಿ ಬೇಕಾಗಿಯೇ ಇಲ್ಲ, ಸಮಯವೇ ಸಾಕು.

ಜೊತೆಗೆ ಮಾಹಿತಿ ಹಕ್ಕಿನ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. 30 ದಿನಕ್ಕೆ ಉತ್ತರ ಬರಬೇಕು. ಠಾಣೆಯ ವ್ಯಾಪ್ತಿಯಲ್ಲಿ ಚಾಲ್ತಿಯಲ್ಲಿರುವ ಎಲ್ಲ ಧ್ವನಿವರ್ಧಕ ಅನುಮತಿಗಳ ಪ್ರತಿ ಕೇಳಿ. ಎಲ್ಲ ಎಂಬ ಪದ ಬಹಳ ಮುಖ್ಯ. ಒಂದೇ ಧರ್ಮದ ಕಟ್ಟಡಗಳ ಬಗ್ಗೆ ಕೇಳುವ ಅರ್ಜಿ ಕಾನೂನಿನ ಅಸ್ತ್ರವಾಗದೆ ಜಗಳದ ಕಿಡಿಯಾಗುತ್ತದೆ. ನಾಸ್ತಿಕರ ಹೆಸರಿನಲ್ಲಿ ಅಂಥ ಅರ್ಜಿ ಹೋಗುವುದನ್ನು ನಾವು ಒಪ್ಪುವುದಿಲ್ಲ.

ಸಹಿ ಹಾಕಲು ಜನ ಹೆದರುತ್ತಾರೆ. ಆ ಹೆದರಿಕೆಯನ್ನು ಹಗುರವಾಗಿ ಕಾಣಲಾಗದು. ವಚನ ಸಾಹಿತ್ಯಕ್ಕೆ ಬದುಕು ಕೊಟ್ಟ ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದ ಊರು ಇದು. ಒಬ್ಬರೇ ಮುಂದೆ ಹೋಗುವ ಬದಲು ಬೇರೆ ಬೇರೆ ಧರ್ಮದ ಮನೆಗಳವರು ಸೇರಿ ಸಹಿ ಹಾಕಿದರೆ ದೂರನ್ನು ಯಾರದೋ ವಿರುದ್ಧದ ಪಿತೂರಿ ಎನ್ನುವುದು ಕಷ್ಟವಾಗುತ್ತದೆ. ನಿದ್ದೆಗೆಡುವ ಹಸುಗೂಸು, ಪರೀಕ್ಷೆಗೆ ಓದುವ ಮಕ್ಕಳು ಎಲ್ಲ ಮನೆಗಳಲ್ಲೂ ಇದ್ದಾರೆ.

ರಸ್ತೆ ಬದಿಯ ಕಟ್ಟಡಗಳ ವಿಷಯ ಚಿಕ್ಕದಾಗಿ ಹೇಳುತ್ತೇವೆ. ಸಾರ್ವಜನಿಕ ರಸ್ತೆ, ಉದ್ಯಾನಗಳಲ್ಲಿ ಹೊಸ ಧಾರ್ಮಿಕ ಕಟ್ಟಡ ಬೇಡ ಎಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಹೇಳಿತು. ನಂಜನಗೂಡು ತಾಲ್ಲೂಕಿನ ಗುಡಿಯೊಂದನ್ನು ಕೆಡವಿದ ಮೇಲೆ 2021ರಲ್ಲಿ ಬಂದ ರಾಜ್ಯದ ಕಾಯ್ದೆ ಅಲ್ಲಿಯವರೆಗಿನ ಕಟ್ಟಡಗಳಿಗೆ ರಕ್ಷಣೆ ಕೊಟ್ಟಿತು, ಮುಂದಿನವಕ್ಕೆ ಬಾಗಿಲು ಹಾಕಿತು. ಮೊದಲು ಒಂದು ಕಲ್ಲಿಗೆ ಕುಂಕುಮ, ಅಥವಾ ಒಂದು ಹಸಿರು ಚಾದರ, ಅಥವಾ ಒಂದು ಶಿಲುಬೆ. ಆಮೇಲೆ ಕಟ್ಟೆ, ತಗಡು, ವಿದ್ಯುತ್ ಮೀಟರ್. ಕಟ್ಟೆಯ ಹಂತದಲ್ಲಿ ಪಾಲಿಕೆಯ ವಲಯ ಕಚೇರಿಗೆ ಫೋಟೊ ಸಹಿತ ಅರ್ಜಿ ಹೋದರೆ ಕೆಲಸವಾಗುತ್ತದೆ. ಕಟ್ಟಡ ಎದ್ದು ಪೂಜೆಯೋ ಪ್ರಾರ್ಥನೆಯೋ ಶುರುವಾದ ಮೇಲೆ ತೆರವು ಎಂದರೆ ಪೊಲೀಸ್ ಬಂದೋಬಸ್ತ್. ಮೈದಾನಗಳಿಗೂ ಹೀಗೆಯೇ. ಹುಬ್ಬಳ್ಳಿಯ ಈದ್ಗಾ ಮೈದಾನದ ತಕರಾರು 1921ರ ಗುತ್ತಿಗೆಯಿಂದ 2010ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಎಳೆಯಿತು. ನಡುವೆ 1994ರ ಆಗಸ್ಟ್ 15ರ ಗೋಲಿಬಾರಿನಲ್ಲಿ ಜೀವಗಳು ಹೋದವು. ಪಾಲಿಕೆಯ ಯಾವುದೇ ಮೈದಾನ ಯಾರಿಗೆ, ಎಷ್ಟು ದಿನ, ಎಷ್ಟು ಠೇವಣಿಗೆ, ಯಾವ ಹೊತ್ತಿನವರೆಗೆ ಎಂಬ ಒಂದೇ ಲಿಖಿತ ನಿಯಮ ಅರ್ಜಿ ಬರುವ ಮೊದಲೇ ಇರಬೇಕು. ಅರ್ಜಿದಾರ ಯಾರೆಂದು ಗೊತ್ತಾದ ಮೇಲೆ ಮಾಡಿದ ನಿಯಮವನ್ನು ಯಾರೂ ನಂಬುವುದಿಲ್ಲ.

ಸಾಲಿಗಳ ವಿಷಯದಲ್ಲಿ 28ನೇ ವಿಧಿ ಸ್ಪಷ್ಟವಾಗಿದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಪಾಲಕರು ಒಪ್ಪಿದರೂ ಕೂಡದು. ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಾದರೆ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಬೋಧನೆಗೂ ಪೂಜೆಗೂ ಕೂರಿಸುವಂತಿಲ್ಲ. ಮಠಗಳ, ಮಿಷನ್‌ಗಳ, ಅಂಜುಮನ್‌ಗಳ ಶಾಲೆಗಳು ತುಂಬಿರುವ ನಮ್ಮ ಭಾಗದಲ್ಲಿ ಈ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುವುದು. ಮುಖ್ಯೋಪಾಧ್ಯಾಯರಿಗೆ ಎರಡು ಸಾಲಿನ ಪತ್ರ ಸಾಕು. ಆ ಅವಧಿಯಲ್ಲಿ ಮಗು ಗ್ರಂಥಾಲಯದಲ್ಲಿ ಕೂರಲಿ, ಹಾಜರಿ ಹಾಕಿ ಎಂದು ಅದರಲ್ಲೇ ಬರೆಯಿರಿ. ಇಲ್ಲದಿದ್ದರೆ ಮಗುವನ್ನು ವರಾಂಡದಲ್ಲಿ ನಿಲ್ಲಿಸುತ್ತಾರೆ, ಅದಕ್ಕೆ ಅದು ಶಿಕ್ಷೆಯಂತೆಯೇ ಕಾಣುತ್ತದೆ. ಶರಣರ ಬಗ್ಗೆ, ಸೂಫಿಗಳ ಬಗ್ಗೆ ಪಾಠ ಮಾಡುವುದು ಬೇರೆ ವಿಷಯ. ಧರ್ಮಗಳ ಬಗ್ಗೆ ತಿಳಿಸುವುದು ಧಾರ್ಮಿಕ ಬೋಧನೆಯಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನೂ ವಿರೋಧಿಸುವ ನಾಸ್ತಿಕರು ಮಕ್ಕಳಿಗೆ ನಾಡಿನ ಚರಿತ್ರೆಯನ್ನೇ ತಪ್ಪಿಸುತ್ತಾರೆ.

ಮದುವೆಯ ವಿಷಯದಲ್ಲಿ ನಮ್ಮವರೇ ಮಾಡುವ ತಪ್ಪೊಂದಿದೆ. ಹಾರ ಬದಲಾಯಿಸಿಕೊಂಡು, ಯಾವ ಶಾಸ್ತ್ರವೂ ಇಲ್ಲದೆ, ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿ ಮುಗಿಯಿತೆನ್ನುತ್ತಾರೆ. ಆ ಕಾಯ್ದೆಯಡಿ ಮದುವೆಯಾಗುವುದು ಶಾಸ್ತ್ರದಿಂದ. ನೋಂದಣಿ ಬರೀ ಸಾಕ್ಷಿ. ಶಾಸ್ತ್ರ ನಡೆಯದಿದ್ದರೆ ಪ್ರಮಾಣಪತ್ರವಿದ್ದರೂ ಅದು ಹಿಂದೂ ವಿವಾಹವಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆಸ್ತಿ, ಪಿಂಚಣಿ, ಜೀವನಾಂಶದ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ಇದರಿಂದ ಆಗುವ ಅನ್ಯಾಯ ದೊಡ್ಡದು. ಶಾಸ್ತ್ರ ಬೇಡವೆನ್ನುವವರಿಗೆ ಇರುವುದು 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಮದುವೆಯ ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕು. ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಮತ್ತೆ ಹೊಸ ನೋಟಿಸ್. ಸಾಕ್ಷಿಗಳು ಮೂವರು. ಹುಡುಗ ಹುಬ್ಬಳ್ಳಿ, ಹುಡುಗಿ ಗದಗದ ಕಾಯಂ ನಿವಾಸಿ ಎಂದಾದರೆ ಒಂದು ಕಡೆ ಕೊಟ್ಟ ನೋಟಿಸಿನ ಪ್ರತಿ ಇನ್ನೊಂದು ಜಿಲ್ಲೆಯ ಕಚೇರಿಗೂ ಹೋಗಿ ಗೋಡೆಗೆ ಅಂಟುತ್ತದೆ. ಮನೆಯವರಿಗೆ ಸುದ್ದಿ ಮುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ. ಆಕ್ಷೇಪಣೆ ಬಂದರೂ ಎದೆಗುಂದಬೇಕಿಲ್ಲ. ವಯಸ್ಸು, ಜೀವಂತ ಸಂಗಾತಿ, ಮಾನಸಿಕ ಅಸಾಮರ್ಥ್ಯ, ಮದುವೆಗೆ ನಿಷಿದ್ಧವಾದ ಸಂಬಂಧ, ಇವುಗಳ ಮೇಲೆ ಮಾತ್ರ ಆಕ್ಷೇಪಣೆ ನಿಲ್ಲುತ್ತದೆ. ಜಾತಿ, ಧರ್ಮ, ತಂದೆತಾಯಿಯ ಒಪ್ಪಿಗೆ ಅದರಲ್ಲಿಲ್ಲ.

ಕೊನೆಗೆ ಜನಗಣತಿ. 2011ರಲ್ಲಿ ಧರ್ಮ ತಿಳಿಸದವರ ಲೆಕ್ಕ ದೇಶದಲ್ಲಿ 28.67 ಲಕ್ಷ, ಧರ್ಮವಿಲ್ಲ ಎಂದವರೂ ಉತ್ತರ ಕೊಡದವರೂ ಅದೇ ರಾಶಿಯಲ್ಲಿ ಸೇರಿಹೋದರು. ‘ಧರ್ಮವಿಲ್ಲ’ ಎಂದು ಹೇಳಿದರೆ ಗಣತಿದಾರರು ಹಾಗೆಯೇ ಬರೆಯಬೇಕು ಎಂಬ ಸೂಚನೆ ಆಗಲೂ ಇತ್ತು. 2027ರ ಫೆಬ್ರುವರಿಗೆ ನಿಗದಿಯಾಗಿರುವ ಎಣಿಕೆಯಲ್ಲಿ ಮನೆಯವರು ಬಾಯಿಬಿಟ್ಟು ಹೇಳಬೇಕು. ಹೆಸರು ನೋಡಿ ಊಹಿಸಿ ಬರೆದರೆ ತಿದ್ದಿಸಬೇಕು. ಆದರೆ ಪರಿಶಿಷ್ಟ ಜಾತಿಯ ನಾಸ್ತಿಕರಿಗೆ ಇದನ್ನೇ ಮಾಡಿ ಎಂದು ನಾವು ಹೇಳಲಾರೆವು. 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ, ಸಿಖ್, ಬೌದ್ಧರಲ್ಲಿ ಮಾತ್ರ ಪರಿಶಿಷ್ಟ ಜಾತಿಯ ಎಣಿಕೆ ನಡೆಯುತ್ತದೆ. ಧರ್ಮವಿಲ್ಲ ಎಂದರೆ ಆ ಎಣಿಕೆಯಿಂದ ಹೊರಬೀಳುತ್ತಾರೆ. ನಂಬಿಕೆ ಬಿಟ್ಟ ಮಾತ್ರಕ್ಕೆ ಅಸ್ಪೃಶ್ಯತೆಯ ನೋವು ಬಿಟ್ಟುಹೋಗುವುದಿಲ್ಲ. ತಿದ್ದಬೇಕಾದದ್ದು ಆ ಆದೇಶವನ್ನು.

ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳ ಆಡಳಿತಕ್ಕೆ ನಮ್ಮ ಕೋರಿಕೆ ಎರಡೇ. ಸಡಿಲಿಕೆಯ ಆ 15 ದಿನಗಳ ಪಟ್ಟಿಯನ್ನು ಜನವರಿಯಲ್ಲೇ ಹೊರಡಿಸಲಿ. ಚಾಲ್ತಿಯಲ್ಲಿರುವ ಎಲ್ಲ ಧ್ವನಿವರ್ಧಕ ಅನುಮತಿಗಳನ್ನು ಠಾಣೆಯ ಫಲಕದಲ್ಲಿ ಹಾಕಲಿ. ಆ ಪಟ್ಟಿ ಬಂದ ದಿನ ತಮ್ಮ ಪತ್ರಿಕೆ ಅದನ್ನು ಸ್ಥಳೀಯ ಪುಟದಲ್ಲಿ ಪೂರ್ತಿ ಅಚ್ಚು ಹಾಕಬೇಕೆಂದು ಕೋರುತ್ತೇವೆ.

ಇಂತಿ,
ಹುಬ್ಬಳ್ಳಿ-ಧಾರವಾಡದ ಕೆಲವು ನಿರೀಶ್ವರವಾದಿ ಓದುಗರು