ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಆಪರೇಷನ್ ಗೆದ್ದವರ ಕಾಲು ಸೋಲಬಾರದು

ಮಾನ್ಯ ಆರೋಗ್ಯ ಸಚಿವರೇ,

ನಾನು ಬೆಂಗಳೂರಿನಲ್ಲಿ ಹೃದಯ ಮತ್ತು ರಕ್ತನಾಳದ ಆಪರೇಷನ್ ಆದವರನ್ನು ನೋಡಿಕೊಳ್ಳುವ ಐಸಿಯು ನರ್ಸ್. ಮಹಾಧಮನಿಯ ಆಪರೇಷನ್ ಆದವರ ಪರವಾಗಿ ನಿಮ್ಮಿಂದ ಒಂದು ಆದೇಶ ಕೇಳುತ್ತಿದ್ದೇನೆ.

ಎದೆಯಿಂದ ಹೊಟ್ಟೆಗೆ ಇಳಿಯುವ ಈ ದೊಡ್ಡ ರಕ್ತನಾಳ ಉಬ್ಬಿದರೆ, ಆ ಭಾಗ ಬಿಡಿಸಿ ಕೃತಕ ನಾಳ ಹೊಲಿಯುತ್ತಾರೆ. ಬೆನ್ನುಹುರಿಗೆ ರಕ್ತ ಕೊಡುವ ಸಣ್ಣ ಕವಲುಗಳು ಹೊರಡುವುದೂ ಇಲ್ಲಿಂದಲೇ. ಅವುಗಳಲ್ಲಿ ದೊಡ್ಡದಕ್ಕೆ ಆಡಮ್‌ಕೀವಿಚ್ ಅಪಧಮನಿ ಅಂತ ಹೆಸರು. ಆಪರೇಷನ್ ಹೊತ್ತಲ್ಲಿ ಇವುಗಳಿಗೆ ರಕ್ತ ನಿಲ್ಲುತ್ತದೆ, ಕೆಲವು ಮುಚ್ಚಿಯೇ ಹೋಗುತ್ತವೆ. ಜೀವ ಉಳಿದರೂ ಸೊಂಟದ ಕೆಳಗೆ ಸ್ವಾಧೀನ ತಪ್ಪಬಹುದು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಡಾ. ಕ್ರಾಫರ್ಡ್ ಕಟ್ಟಿದ ತಂಡ 1,509 ರೋಗಿಗಳ ಲೆಕ್ಕವನ್ನು 1993ರಲ್ಲಿ ಪ್ರಕಟಿಸಿತು. ನೂರಕ್ಕೆ 16 ಮಂದಿಯ ಕಾಲಿನ ಬಲ ಪೂರ್ತಿ ಹೋಗಿತ್ತು, ಇಲ್ಲವೇ ಕುಗ್ಗಿತ್ತು. ಆಮೇಲೆ ಪರಿಸ್ಥಿತಿ ಸುಧಾರಿಸಿದೆ, ಆದರೆ ಅಪಾಯ ತಪ್ಪಿಲ್ಲ.

ಔಷಧ ಕೊಟ್ಟು ಹುರಿಯನ್ನು ಕಾಪಾಡಬಹುದಾ ಅಂತ ದಶಕಗಳಿಂದ ಹುಡುಕುತ್ತಿದ್ದಾರೆ. ಸ್ಟೆರಾಯ್ಡ್, ಮ್ಯಾನಿಟಾಲ್, ನಲೋಕ್ಸೋನ್, ಬೆನ್ನುನೀರಿಗೇ (ಹುರಿಯ ಸುತ್ತ ಇರುವ ನೀರಿಗೆ) ಬಿಡುವ ಪಪಾವರಿನ್, ಎಲ್ಲವನ್ನೂ ನೋಡಿದ್ದಾರೆ. ಬೆನ್ನುನೀರು ತೆಗೆಯುವುದರ ಜೊತೆ ನಲೋಕ್ಸೋನ್ ಕೊಟ್ಟು ಒಳ್ಳೆಯ ಫಲ ಕಂಡ ವೈದ್ಯರೂ ಇದ್ದಾರೆ. ಆದರೆ ಇದೊಂದಿದ್ದರೆ ಸಾಕು ಅನ್ನುವ ಔಷಧ ಇವತ್ತಿಗೂ ಸಿಕ್ಕಿಲ್ಲ. ಹೀಗಾಗಿ ಹುರಿಯನ್ನು ನಿಜವಾಗಿ ಕಾಪಾಡುತ್ತಿರುವುದು ಎಲ್ಲ ಐಸಿಯುಗಳಲ್ಲೂ ಇರುವ, ಬಿಪಿ ಏರಿಸುವ ನಾರ್‌ಅಡ್ರಿನಲಿನ್, ಮತ್ತು ಬೆನ್ನುನೀರು ತೆಗೆಯಲು ಸೊಂಟದಲ್ಲಿ ಹಾಕುವ ಒಂದು ಸಣ್ಣ ಟ್ಯೂಬು.

ಲೆಕ್ಕ ಸುಲಭ. ರಕ್ತದ ಸರಾಸರಿ ಒತ್ತಡದಲ್ಲಿ ಬೆನ್ನುನೀರಿನ ಒತ್ತಡ ಕಳೆಯಿರಿ. ಹುರಿಯೊಳಗೆ ರಕ್ತ ನುಗ್ಗಲು ಉಳಿಯುವ ಬಲ ಅಷ್ಟೇ. ಆದ್ದರಿಂದ ಔಷಧದಿಂದ ಬಿಪಿ ಏರಿಸುತ್ತೇವೆ, ಟ್ಯೂಬಿನಿಂದ ನೀರು ತೆಗೆಯುತ್ತೇವೆ. ಹ್ಯೂಸ್ಟನ್‌ನಲ್ಲೇ 145 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2002ರಲ್ಲಿ ಬಂತು. ಟ್ಯೂಬು ಹಾಕದವರಲ್ಲಿ ನೂರಕ್ಕೆ 13 ಮಂದಿಗೆ ಕಾಲಿನ ಬಲದ ತೊಂದರೆಯಾಗಿತ್ತು. ಹಾಕಿದವರಲ್ಲಿ 3ಕ್ಕಿಂತ ಕಡಿಮೆ.

ರಾತ್ರಿ ಪಾಳಿಯಲ್ಲಿ ಗಂಟೆಗೊಮ್ಮೆ ಕೇಳುತ್ತೇವೆ: "ಅಣ್ಣಾ, ಕಾಲ್ಬೆರಳು ಆಡಿಸಿ. ಈಗ ಎಡಗಾಲು ಎತ್ತಿ ನೋಡೋಣ." ಸಂಜೆ ಚೆನ್ನಾಗಿ ಎತ್ತಿದವರು ಬೆಳಗಿನ ಜಾವ "ಕಾಲು ಭಾರ ಆಗ್ತಿದೆ ಸಿಸ್ಟರ್" ಅನ್ನುತ್ತಾರೆ. ಮಾನಿಟರ್ ನೋಡಿದರೆ ಬಿಪಿ ಇಳಿದಿರುತ್ತದೆ. ಡಾಕ್ಟರಿಗೆ ಫೋನ್ ಹೋಗುತ್ತದೆ, ನಾರ್‌ಅಡ್ರಿನಲಿನ್ ಏರುತ್ತದೆ. ಟ್ಯೂಬಿನಿಂದ ಬರುವ ಹನಿಗಳನ್ನು ಒಬ್ಬರು ಕೂತು ಕಾಯಬೇಕು. ನೀರು ಜಾಸ್ತಿ ಬೇಗ ಹೋದರೆ ತಲೆಯೊಳಗೆ ರಕ್ತಸ್ರಾವ ಆಗಬಹುದು. ಬೇಗ ಗುರುತಿಸಿದರೆ ಕೆಲವರ ಕಾಲು ಮತ್ತೆ ಆಡುತ್ತದೆ. ಅದನ್ನು ಕಣ್ಣಾರೆ ಕಂಡವರಿಗೆ ತಡವಾಗಿ ಬಂದವರನ್ನು ನೋಡಲು ಆಗುವುದಿಲ್ಲ ಸರ್.

ತಡವಾಗುವುದು ಹೆಚ್ಚಾಗಿ ವಾರ್ಡಿನಲ್ಲಿ, ಇಲ್ಲವೇ ಮನೆಗೆ ಹೋದ ಮೇಲೆ. ಈ ತೊಂದರೆ ಕೆಲವು ದಿನ ಬಿಟ್ಟೂ ಬರುತ್ತದೆ. ಹಳೆಯ ಬಿಪಿ ಮಾತ್ರೆಗಳನ್ನೆಲ್ಲ ಒಮ್ಮೆಲೇ ಶುರು ಮಾಡಿದರೂ ಒತ್ತಡ ಕುಸಿಯಬಹುದು. ಕಾಲು ಜೋಮು ಹಿಡಿದರೆ ಮನೆಯವರು ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರುತ್ತಾರೆ. ಅವರಿಗೆ ಯಾರು ಹೇಳಿದ್ದಾರೆ, ಅಲ್ವಾ?

ನನ್ನ ಬೇಡಿಕೆ ಇಷ್ಟು. ಮಹಾಧಮನಿ ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯಲ್ಲೂ ಗಂಟೆಗೊಮ್ಮೆ ಕಾಲು ಪರೀಕ್ಷಿಸಿ ಬರೆಯುವುದು ಕಡ್ಡಾಯವಾಗಲಿ. ಬೆನ್ನುನೀರಿನ ಟ್ಯೂಬು ಮತ್ತು ಅದಕ್ಕೆ ಬೇಕಾದ ಹೆಚ್ಚಿನ ಐಸಿಯು ದಿನಗಳ ಖರ್ಚನ್ನು ಸರ್ಕಾರಿ ಪ್ಯಾಕೇಜಿನಲ್ಲಿ ಹೆಸರು ಹೇಳಿ ಬರೆಯಿಸಿ. ಡಿಸ್ಚಾರ್ಜ್ ಚೀಟಿಯ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಲಿ: ಬಿಪಿ ಎಷ್ಟಕ್ಕಿಂತ ಇಳಿಯಬಾರದು, ಯಾವ ಮಾತ್ರೆ ಯಾವಾಗ ಶುರು ಮಾಡಬೇಕು, ಕಾಲು ಸೋತರೆ ಯಾರಿಗೆ ಫೋನ್ ಮಾಡಬೇಕು.

ಆ ಫೋನಿಗೆ ಹೊಸ ವ್ಯವಸ್ಥೆ ಕಟ್ಟಬೇಕಿಲ್ಲ. ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ. ಹೃದಯಾಘಾತವಾದವರಿಗೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಮಹಾಧಮನಿ ಆಪರೇಷನ್ ಆದವರನ್ನೂ ಅದೇ ಸಂಪರ್ಕಕ್ಕೆ ಸೇರಿಸಿ. ಬಿಪಿ ಏರಿಸುವ ಕೆಲಸ ತಜ್ಞರ ಮಾತು ಕೇಳಿ ತಾಲ್ಲೂಕಿನಲ್ಲೇ ಶುರುವಾಗಲಿ, ರೋಗಿ ಆಂಬುಲೆನ್ಸ್‌ನಲ್ಲಿ ಬೆಂಗಳೂರು, ಮೈಸೂರು ಅಥವಾ ಕಲಬುರಗಿ ತಲುಪುವವರೆಗೆ ಕಾಯುವುದು ಬೇಡ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಐಸಿಯು ನರ್ಸ್, ಬೆಂಗಳೂರು